ಏನೂ ಪೋಲಾಗದ ಹಳ್ಳಿಯ ಲೆಕ್ಕ



ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ. ಪುರುಸೊತ್ತು ಮಾಡಿಕೊಂಡು ಓದ್ರಿ. ಹೋದ ತಿಂಗಳು ಎರಡನೇ ಶನಿವಾರ ಆಫೀಸಿಗೆ ರಜೆ ಇತ್ತು. ಗೆಳೆಯನೊಬ್ಬ ಬೆಳಗಾವಿಯ ಒಂದು ಕಮ್ಮಟಕ್ಕೆ ಕರಕೊಂಡು ಹೋದ. ಸುಸ್ಥಿರ ಸಮಾಜಕ್ಕೆ ಪರ್ಯಾಯ ಅರ್ಥಶಾಸ್ತ್ರ ಅನ್ನೋದು ವಿಷಯ. ಒಳ್ಳೆ ಮಂದಿ, ಒಳ್ಳೆ ಊಟ, ಮಣ್ಣಿನ ಲೋಟದಾಗ ಚಹಾ. ಭೂಮಿ ಬಿಸಿ ಆಗ್ತಿರೋದು, ಕಂಪನಿಗಳ ದುರಾಸೆ, ಅಂತರ್ಜಲ, ಎಲ್ಲಾ ಖರೇನ ಹೇಳಿದರು. ಮಧ್ಯಾಹ್ನದ ಮೇಲೆ ಒಬ್ಬ ಹಿರಿಯರು ಮೈಕ್ ಹಿಡಿದು, ನಮ್ಮ ಹಳೇ ಹಳ್ಳಿಗಳಲ್ಲಿ ಏನೂ ಪೋಲಾಗುತ್ತಿರಲಿಲ್ಲ, ಸತ್ತ ದನದ ಚರ್ಮ ಕೂಡ ಮತ್ತೆ ಹೊಲಕ್ಕೇ ಬರುತ್ತಿತ್ತು, ಹೊರಗಿನಿಂದ ಏನೂ ತರಬೇಕಾಗಿರಲಿಲ್ಲ, ಅದೇ ನಮಗೆ ಮಾದರಿ ಅಂದರು. ಎಲ್ಲಾರೂ ಚಪ್ಪಾಳೆ ಹೊಡೆದರು.

ನನ್ನ ಕೈ ಎತ್ತಲಿಲ್ಲ. ಹಿಂದಿನ ಸಾಲಿನಾಗ ಕುಂತಿದ್ದೆ. ಮಾತಾಡಬೇಕು ಅನಿಸಿತು, ಆದರ ಆ ಹಿರಿಯರ ಮೇಲೆ ಸಿಟ್ಟೇನೂ ಇರಲಿಲ್ಲ, ಏನಂತ ಶುರು ಮಾಡಬೇಕು ಅಂತ ತಿಳೀಲಿಲ್ಲ. ಬಸ್ಸಿನ್ಯಾಗ ಊರಿಗೆ ಬರೋತನಕ ಅದೇ ತಲ್ಯಾಗ. ಆ ಚರ್ಮ ತನ್ನಷ್ಟಕ್ಕ ತಾನ ಹೊಲಕ್ಕ ಬರ್ತಿತ್ತೇನು?

ನಮ್ಮ ಅಜ್ಜ ತರ್ತಿದ್ದ.

ನಮ್ಮ ಘೋಡಗೇರಿ ಹುಕ್ಕೇರಿ ತಾಲೂಕಿನ್ಯಾಗ. ಆ ಕಡೆ ಗೋಕಾಕ, ಮೂಡಲಗಿ. 1956ರ ತನಕ ಇದೆಲ್ಲಾ ಮುಂಬೈ ಪ್ರಾಂತ. ಹಂಗಾಗಿ ಇಲ್ಲಿ ನಮ್ಮ ಮಂದಿಯ ಚಾಕರಿಗೆ ಒಂದು ಕಾನೂನೇ ಇತ್ತು, 1874ರ ಬಾಂಬೆ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ. ಅದನ್ನು ವತನ ಕಾಯ್ದೆ ಅಂತಾರೆ. ಪಾಟೀಲಕಿ, ಕುಲಕರ್ಣಿಕಿ ಮೇಲಿನ ವತನ. ನಮ್ಮದು ಕೆಳಗಿನ ವತನ. ಕಾಗದದಾಗ ನಾವೂ ವತನದಾರರೇ!

ಅಜ್ಜನ ಕೆಲಸ ಏನಂದ್ರ, ಊರ ಗಡಿ ಕಾಯೋದು. ಗೌಡರು ಕರೆದರ ಓಡೋದು. ಸಾಹೇಬರು ಬಂದರ ಅವರ ಕುದುರಿಗೆ ಹುಲ್ಲು, ಅವರ ಡೇರೆಗೆ ಗೂಟ. ಕಂದಾಯದ ರೊಕ್ಕ ಹೊತ್ತು ತಾಲೂಕಿಗೆ ಮುಟ್ಟಿಸೋದು. ಯಾರಾದರೂ ಸತ್ತರ ಬೀಗರ ಊರಿಗೆ ನಡಕೊಂಡು ಹೋಗಿ ಸುದ್ದಿ ಹೇಳೋದು, ಹೇಳಿ ಅವರ ಅಂಗಳದ ಹೊರಗ ನಿಂತು ರೊಟ್ಟಿ ಇಸಗೊಳ್ಳೋದು. ದನ ಸತ್ತರ ಎಳಕೊಂಡು ಹೋಗೋದು. ಅದರ ತೊಗಲು ಹದವಾಗಿ ಬಾವಿಯ ನೀರಿನ ಚೀಲ ಆಗ್ತಿತ್ತು, ಮಿಣಿ ಆಗ್ತಿತ್ತು, ಬಾರಕೋಲು ಆಗ್ತಿತ್ತು, ಗೌಡರ ಕಾಲಿಗೆ ಕೆರ ಆಗ್ತಿತ್ತು. ಹಿರಿಯರು ಹೇಳಿದ್ದು ಸುಳ್ಳಲ್ಲ. ಒಂದು ಚೂರೂ ಪೋಲಾಗ್ತಿರಲಿಲ್ಲ. ಅಜ್ಜನೂ ಪೋಲಾಗ್ತಿರಲಿಲ್ಲ, ಅವನಿಗೆ ಜ್ವರ ಬಂದರ ಅಜ್ಜಿ ಹೋಗಬೇಕು, ಅಜ್ಜಿಗೆ ಆಗದಿದ್ದರ ಹುಡುಗ ಹೋಗಬೇಕು.

ಇಷ್ಟಕ್ಕೆಲ್ಲ ಸಂಬಳ? ಸ್ವಲ್ಪ ವತನದ ಜಮೀನು. ಮತ್ತ ಸುಗ್ಗಿಯಾಗ ಪ್ರತಿ ಕಣದಿಂದ ಆಯ. ಕಣದ ಕಡೀ ಕಾಳು, ಮಣ್ಣು ಕೂಡಿದ್ದು. ಅದನ್ನು ಮೊರದಾಗ ಕೇರಿ, ನೀರಾಗ ತೊಳೆದು, ಒಣಗಿಸಿ ಬೀಸಬೇಕು. ಅಜ್ಜಿ ಹೇಳ್ತಿದ್ದಳು, ನಮ್ಮ ರೊಟ್ಟಿ ಕಡಿದರ ಹಲ್ಲಿಗೆ ಮಳಲು ಸಿಗ್ತಿತ್ತು ಅಂತ. ಆಯ ಕೊಡದಿದ್ದರ ಕೇಳೋ ಹಂಗಿಲ್ಲ. ಕೇಳಿದವನಿಗೆ ಊರ ಬಾವಿ, ಊರ ದಾರಿ, ಊರ ಕೂಲಿ ಮೂರೂ ಬಂದ್.

ಈ ಲೆಕ್ಕವನ್ನು ಮೊದಲು ಬಿಡಿಸಿ ತೋರಿಸಿದ ಅರ್ಥಶಾಸ್ತ್ರಜ್ಞ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮಂದಿ ಬಾಬಾಸಾಹೇಬರನ್ನು ಸಂವಿಧಾನದ ಪುಸ್ತಕ ಹಿಡಿದ ಪುತ್ಥಳಿಯಾಗಿ ನೋಡೀವಿ. ಅವರು ಓದಿದ್ದು, ಮೊದಮೊದಲು ಬರೆದಿದ್ದು ಹೆಚ್ಚಾಗಿ ಅರ್ಥಶಾಸ್ತ್ರ ಅನ್ನೋದು ಮರೆತು ಬಿಡ್ತೀವಿ. 1928ರಲ್ಲಿ ಅವರು ಮುಂಬೈ ವಿಧಾನ ಪರಿಷತ್ತಿನಲ್ಲಿ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಅವರು ಕೇಳಿದ್ದು ಬಹಳ ಸರಳ. ಚಾಕರಿ ಏನೇನು ಅಂತ ಬರೆದು ಗೊತ್ತುಮಾಡ್ರಿ. ಕಾಳಿನ ಬದಲು ರೊಕ್ಕ ಕೊಡ್ರಿ, ಅದನ್ನು ಕಂದಾಯದ ಜೋಡಿ ಸರ್ಕಾರವೇ ವಸೂಲಿ ಮಾಡಲಿ. ಚಾಕರಿ ಬೇಡ ಅನ್ನುವವನಿಗೆ ಬಿಡುವ ದಾರಿ ಇರಲಿ, ಅವನ ಜಮೀನು ರೈತರ ಜಮೀನಿನಂತೆ ಕಂದಾಯ ಕಟ್ಟಿಕೊಂಡು ಅವನ ಹತ್ತಿರವೇ ಉಳಿಯಲಿ. ಇಷ್ಟಕ್ಕೂ ಮೇಲಿನವರು ಒಪ್ಪಲಿಲ್ಲ. ಮಸೂದೆಯನ್ನು ಸಮಿತಿಯಲ್ಲಿ ಹಿಂಡಿ ಹಿಪ್ಪೆ ಮಾಡಿದರು, 1929ರಲ್ಲಿ ಬಾಬಾಸಾಹೇಬರು ಹಿಂದಕ್ಕೆ ತಗೊಂಡರು.

ನಮ್ಮಿಂದ ದೂರ ಅಲ್ಲದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಅದನ್ನು 1918ರಲ್ಲೇ ಮಾಡಿಬಿಟ್ಟಿದ್ದರು. ಅವರ ಸಂಸ್ಥಾನದಾಗ ಮಹಾರ ವತನ ರದ್ದು, ಜಮೀನು ಹೆಸರಿಗೆ. ಗಡಿ ದಾಟಿದರ ಒಂದು ನ್ಯಾಯ, ಈ ಕಡೆ ಇದ್ದರ ಇನ್ನೊಂದು. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ಪ್ರಾಂತೀಯ ಬಹಿಷ್ಕೃತರ ಪರಿಷತ್ತಿಗೆ ಬಾಬಾಸಾಹೇಬರೇ ಅಧ್ಯಕ್ಷರಾಗಿ ಬಂದಿದ್ದರು. 1937ರ ಚುನಾವಣೆಯಲ್ಲಿ ಅವರ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಬೆಳಗಾವಿ ಉತ್ತರದಲ್ಲಿ ಬಳವಂತರಾವ ವರಾಳೆ ಗೆದ್ದರು. ಪಕ್ಷದ ಹೆಸರಿನಾಗ ಜಾತಿ ಇಲ್ಲ, ಕಾರ್ಮಿಕ ಅಂತ ಇತ್ತು, ಅದನ್ನು ಗಮನಿಸ್ರಿ. ನಮ್ಮ ಜಿಲ್ಲೆಗೆ ಈ ವಿಚಾರ ಹೊಸದೇನಲ್ಲ ಅಂತ ಹೇಳಾಕ ಇಷ್ಟು ಬರೆದೆ.

ಈಗ ಕಮ್ಮಟಕ್ಕ ಬರೋಣ. ಅಲ್ಲಿ ಗೋಡೆ ಮೇಲೆ ಒಂದು ಫೋಟೋ ಇತ್ತು, ಜೆ. ಸಿ. ಕುಮಾರಪ್ಪ ಅವರದು. ಗಾಂಧೀಜಿಯವರ ಅರ್ಥಶಾಸ್ತ್ರಜ್ಞ. ಈ ಮನುಷ್ಯನ್ನ ನಾನು ಹಗುರಾಗಿ ತಗೋಳೋದಿಲ್ಲ. ಒಂದು ವಿಷಯ ಓದಿ ಬೆರಗಾದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೆಲಿಗ್‌ಮನ್ ಅನ್ನೋ ಪ್ರೊಫೆಸರ್ ಇದ್ದರು, ಸರ್ಕಾರದ ಹಣಕಾಸಿನ ವಿಷಯದಲ್ಲಿ ದೊಡ್ಡ ಹೆಸರು. 1913ರಿಂದ 1916ರ ತನಕ ಅಲ್ಲಿ ಓದಿದ ಬಾಬಾಸಾಹೇಬರಿಗೆ ಅವರೇ ಗುರು. ಬಾಬಾಸಾಹೇಬರ ಪಿಎಚ್‌ಡಿ ಪ್ರಬಂಧ 1925ರಲ್ಲಿ ಪುಸ್ತಕವಾದಾಗ ಮುನ್ನುಡಿ ಬರೆದವರೂ ಅವರೇ. ಅದೇ ಸೆಲಿಗ್‌ಮನ್ ಹತ್ತಿರ 1920ರ ದಶಕದ ಕೊನೆಗೆ ಓದಿದವರು ಕುಮಾರಪ್ಪ. ಭಾರತದ ಬಡತನಕ್ಕೂ ಬ್ರಿಟಿಷ್ ಸರ್ಕಾರದ ತೆರಿಗೆ-ಖರ್ಚಿಗೂ ಇರುವ ಸಂಬಂಧದ ಮೇಲೆ ಅಲ್ಲಿ ಬರೆದರು. ವಯಸ್ಸಿನಲ್ಲೂ ಇಬ್ಬರೂ ಸರಿಸುಮಾರು ಒಂದೇ. ಒಬ್ಬರು 1891ರಲ್ಲಿ ಹುಟ್ಟಿದವರು, ಇನ್ನೊಬ್ಬರು 1892ರಲ್ಲಿ. ಒಬ್ಬ ಗುರುವಿನ ಇಬ್ಬರು ಶಿಷ್ಯರು ಒಂದೇ ದೇಶಕ್ಕೆ ಎರಡು ಪರ್ಯಾಯ ಹೇಳಿದರು.

ಕುಮಾರಪ್ಪ ಹೇಳಿದ್ದು ಏನು? ಗಣಿಯಾಗಿನ ಕಲ್ಲಿದ್ದಲು, ಎಣ್ಣೆ, ಕಬ್ಬಿಣ ತೆಗೆದಷ್ಟೂ ಖಾಲಿ ಆಗೋ ಕೊಳ. ಮಳೆ, ಕಾಡು, ಬೆಳೆ ಹರಿಯೋ ಹಳ್ಳ. ಕೊಳ ಖಾಲಿ ಮಾಡಿ ಬದುಕೋ ಸಮಾಜ ಜಗಳ ಮಾಡಿ ಸಾಯ್ತದ, ಹಳ್ಳದ ಮೇಲೆ ಬದುಕೋ ಸಮಾಜ ಬಾಳ್ತದ. ಇದನ್ನು ಜೈಲಿನಲ್ಲಿದ್ದಾಗ ಬರೆದು 1945ರಲ್ಲಿ ಪುಸ್ತಕ ಮಾಡಿದರು, ಶಾಶ್ವತತೆಯ ಅರ್ಥವ್ಯವಸ್ಥೆ ಅಂತ ಅದಕ್ಕೆ ಹೆಸರು. ಹವಾಮಾನದ ಮಾತು ಯಾರೂ ಆಡದ ಕಾಲ ಅದು. ಇನ್ನೊಂದು ಮಾತು ನಮ್ಮ ಕಡೆಯವರು ಕಿವಿಗೊಟ್ಟು ಕೇಳಬೇಕು. ಸಕ್ಕರೆಗೋಸ್ಕರ ಒಳ್ಳೆ ಹೊಲಕ್ಕೆ ಕಬ್ಬು ಹಚ್ಚಬ್ಯಾಡ್ರಿ, ಸಿಹಿ ಬೇಕಂದ್ರ ತಾಳೆ-ಈಚಲ ಗಿಡದ ಬೆಲ್ಲ ಮಾಡ್ರಿ, ಹೊಲ ಊಟದ ಬೆಳೆಗೆ ಇರಲಿ ಅಂತ ಅವರ ವಾದ. ಹಿಡಕಲ್ ಡ್ಯಾಮಿನ 51 ಟಿಎಂಸಿ ನೀರು ಯಾವ ಬೆಳೆಗೆ ಹೋಗ್ತದ ಅಂತ ನಮಗೆಲ್ಲಾ ಗೊತ್ತೈತಿ. ವರ್ಷಪೂರ್ತಿ ನೀರು ನಿಲ್ಲಿಸಿ ನಿಲ್ಲಿಸಿ ಸವಳು-ಜವಳು ಆದ ಹೊಲ ಈ ಸೀಮೆಯಾಗ ಎಷ್ಟು ಅದಾವ ಅಂತಾನೂ ಗೊತ್ತೈತಿ. ಅಲ್ಲಿ ಕುಮಾರಪ್ಪ ಗೆದ್ದರು. ಒಪ್ಪಿಕೊಂಡೆ.

ಆದರ ಹಳ್ಳದ ದಂಡ್ಯಾಗ ಯಾರು ಕುಂತಾರ, ಯಾರಿಗೆ ಮುಟ್ಟಾಕ ಬಿಡೋದಿಲ್ಲ? 1945ರ ಆ ಪುಸ್ತಕಕ್ಕ 18 ವರ್ಷ ಮೊದಲು, 1927ರ ಮಾರ್ಚಿನಲ್ಲಿ, ಮಹಾಡದ ಚವದಾರ ಕೆರೆ ನೀರು ಮುಟ್ಟಿದ್ದಕ್ಕ ನಮ್ಮ ಮಂದಿಯ ತಲೆ ಒಡೆದಿದ್ದರು. ಆ ನೀರು ಖಾಲಿ ಆಗಿತ್ತೇನು? ಕೆರೆ ತುಂಬಿತ್ತು, ದನಗಳೂ ಕುಡೀತಿದ್ದವು.

ಬಾಬಾಸಾಹೇಬರು ಇದನ್ನು ಇನ್ನೂ ಎಳೆ ವಯಸ್ಸಿನಾಗ ಕಂಡುಕೊಂಡಿದ್ದರು. 1918ರಲ್ಲಿ, 27 ವರ್ಷದವರಿದ್ದಾಗ, ಎರಡು ಲೇಖನ ಬರೆದಾರ. ಒಂದು, ಬರ್ಟ್ರಂಡ್ ರಸೆಲ್ ಅವರ ಪುಸ್ತಕದ ವಿಮರ್ಶೆ. ಆಸ್ತಿಯ ಮೋಹ ಮನುಷ್ಯನ್ನ ಕೆಡಸ್ತದ ಅಂತ ರಸೆಲ್ ಬರೆದಿದ್ದರು. ಬಾಬಾಸಾಹೇಬರ ಉತ್ತರದ ಸಾರ ಇಷ್ಟು: ಹಣ ಹೊಲಸು ಅನ್ನೋ ಉಪದೇಶ ಹುಟ್ಟಿದ್ದೇ ಎಲ್ಲಾರಿಗೂ ಸಾಲದಷ್ಟು ಕೊರತೆ ಇದ್ದ ಕಾಲದಾಗ, ಸಿಗದ್ದನ್ನು ಕೆಟ್ಟದ್ದು ಅಂದ್ಕೊಂಡರ ಸಮಾಧಾನ ಆಗ್ತದ. ತೊಂದರೆ ಇರೋದು ಆಸ್ತಿಯಲ್ಲಿ ಅಲ್ಲ, ಅದು ಕೆಲವರ ಹತ್ತಿರವೇ ಇರೋದರಲ್ಲಿ. ಬಡತನವನ್ನು ದೊಡ್ಡ ಗುಣ ಮಾಡೋ ಎಲ್ಲಾ ಮಾತಿಗೂ ಅವರು ಕೊನೆತನಕ ವಿರೋಧ ಇದ್ದರು. 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬುದ್ಧನ ಬಗ್ಗೆ ಬರೆದಾಗಲೂ ಧರ್ಮ ಅನ್ನೋದು ಬಡತನಕ್ಕೆ ಪಾವಿತ್ರ್ಯ ಕೊಡಬಾರದು ಅಂತ ಬರೆದಾರ. ಮುಂದೆ ಶೂಮಾಕರ್ ಅನ್ನೋ ಜರ್ಮನ್ ಮೂಲದ ಅರ್ಥಶಾಸ್ತ್ರಜ್ಞ, ಸಣ್ಣದೇ ಚೆಂದ ಅನ್ನೋ ಅರ್ಥದ ಹೆಸರಿನ ಪುಸ್ತಕ (1973) ಬರೆದವರು, ಬೌದ್ಧ ಅರ್ಥಶಾಸ್ತ್ರ ಅಂತ ಒಂದು ಅಧ್ಯಾಯ ಬರೆದು ಕುಮಾರಪ್ಪನವರನ್ನು ನೆನೆದರು. ಕಮ್ಮಟದಾಗ ಅದನ್ನೂ ಓದಿ ಹೇಳಿದರು. ಬುದ್ಧನ ಹೆಸರಿನ ಅರ್ಥಶಾಸ್ತ್ರದಲ್ಲಿ 1956ರಲ್ಲಿ ಲಕ್ಷಾಂತರ ಮಂದಿಯ ಜೋಡಿ ಬುದ್ಧನ ಕಡೆ ಹೋದ ಅರ್ಥಶಾಸ್ತ್ರಜ್ಞನ ಹೆಸರು ಒಂದು ಸಲನೂ ಬರಲಿಲ್ಲ. ನಾನು ನೋಟ್‌ಬುಕ್ಕಿನ್ಯಾಗ ಬರ್ಕೊಂಡೆ, ಅಷ್ಟೇ.

1918ರ ಎರಡನೇ ಲೇಖನ ನಮ್ಮ ಮನಿ ಕತೆ. ಭಾರತದ ಸಣ್ಣ ಹಿಡುವಳಿಗಳು ಮತ್ತು ಅದಕ್ಕೆ ಪರಿಹಾರ ಅಂತ. ಆಗ ಬರೋಡಾ ಮತ್ತ ಮುಂಬೈ ಕಡೆ, ಹೊಲ ತುಂಡು ತುಂಡು ಆಗ್ಯಾವ, ಕೂಡಿಸಿ ದೊಡ್ಡದು ಮಾಡಿದರ ಸರಿ ಹೋಗ್ತದ ಅಂತ ಚರ್ಚೆ ನಡೆದಿತ್ತು. ಬಾಬಾಸಾಹೇಬರು ಕೇಳಿದರು: ಹೊಲ ದೊಡ್ಡದು ಸಣ್ಣದು ಅಂತ ಎಕರೆಯಿಂದ ಹೆಂಗ ಹೇಳ್ತೀರಿ? ಎತ್ತು, ನೇಗಿಲು, ಬೀಜ, ಬಂಡವಾಳ ಇಲ್ಲದವನಿಗೆ ಇರೋ ಹೊಲನೇ ದೊಡ್ಡದು. ಮಂದಿ ಎಲ್ಲಾ ಹೊಲದ ಮ್ಯಾಲೇ ಬಿದ್ದಾರ, ಬೇರೆ ಕೆಲಸ ಇಲ್ಲ, ಕೈ ಖಾಲಿ ಐತಿ, ಹೊಟ್ಟೆ ಖಾಲಿ ಇರಂಗಿಲ್ಲ. ಅದಕ್ಕ ಹೊಲ ತುಂಡಾಗ್ತದ. ಉದ್ಯೋಗ ಬೆಳೆಸ್ರಿ, ಹೊಲದ ಮೇಲಿನ ಭಾರ ಇಳಸ್ರಿ, ಆಗ ಹೊಲ ತಾನ ಕೂಡತಾವ.

ನಮ್ಮ ಅಜ್ಜನ ಕಡೆ ವತನದ ಪಾಲು 2 ಎಕರೆ 20 ಗುಂಟೆ ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿಯಿಂದ ಜಾರಿಯಾತು. ವತನ ಹೋತು. ಜಮೀನು ಮರುಮಂಜೂರು ಮಾಡಿಸ್ಕೊಳ್ಳಾಕ ಸರ್ಕಾರಕ್ಕ ರೊಕ್ಕ ಕಟ್ಟಬೇಕು. ತಲೆತಲಾಂತರ ಬಿಟ್ಟಿ ದುಡಿದ ಹೊಲಕ್ಕ ಮತ್ತ ಬೆಲೆ! ಅಜ್ಜ ಸಾಲ ಮಾಡಿ ಕಟ್ಟಿದ. ಕೇರಿಯಾಗ ಕಟ್ಟಲಾರದವರು ಕಟ್ಟಲಿಲ್ಲ, ಅವರ ಹೊಲ ಈಗ ಯಾರ ಕಡೆ ಅದಾವ ಅಂತ ಬರೆಯೋದಿಲ್ಲ, ಊರಿನ್ಯಾಗ ಇರಬೇಕಲ್ಲ. ಅಜ್ಜನಿಗೆ ನಾಲ್ಕು ಗಂಡುಮಕ್ಕಳು. ನಮ್ಮಪ್ಪಗ 25 ಗುಂಟೆ. ನಾವು ಮೂವರು ಅಣ್ಣತಮ್ಮರು. ನನ್ನ ಪಾಲಿಗೆ 8 ಗುಂಟೆ ಮತ್ತೊಂದಿಷ್ಟು, ಅಕ್ಕತಂಗಿಯರ ಪಾಲು ತೆಗೆದರ ಇನ್ನೂ ಕಡಿಮಿ. 1918ರಾಗ ಬರೆದದ್ದು ನನ್ನ ಉತಾರದಾಗ ಐತಿ.

ಹಂಗಂತ ಉದ್ಯೋಗ ಬಂದರ ಎಲ್ಲಾ ಸರಿ ಆಗ್ತದ ಅಂತ ಅವರು ನಂಬಿ ಕೂಡಲಿಲ್ಲ. ನಮ್ಮ ಗೋಕಾಕ ಫಾಲ್ಸಿನ ಮಿಲ್ಲು 1880ರ ದಶಕದಾಗೇ ನೀರಿನ ಬಲದ ಮೇಲೆ ಶುರುವಾತು. ಅದಕ್ಕೂ ಮೊದಲು ಮುಂಬೈಯಾಗ ಮಿಲ್ಲು ಎದ್ದಿದ್ದವು. ಅಲ್ಲಿ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ತಗೋತಿರಲಿಲ್ಲ. ಕಾರಣ ಏನಂದ್ರ ಲಾಳಿಯ ದಾರವನ್ನು ಬಾಯಿಂದ ಎಳೀಬೇಕು, ಎಂಜಲು! ಕಡಿಮಿ ಪಗಾರದ ನೂಲುವ ಖಾತೆ ಮಾತ್ರ ನಮಗೆ. 1928ರ ದೊಡ್ಡ ಮುಷ್ಕರದ ಹೊತ್ತಿನಾಗ ಬಾಬಾಸಾಹೇಬರು ಕಾರ್ಮಿಕ ಮುಖಂಡರನ್ನೇ ಇದರ ಬಗ್ಗೆ ನಿಲ್ಲಿಸಿ ಕೇಳಿದರು. ಯಂತ್ರ ಬಂದರೂ ಜಾತಿ ಒಳಗ ಬಂದು ಕುಂತಿತ್ತು.

ಅದಕ್ಕೆ 1947ರಲ್ಲಿ ಅವರು 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಅನ್ನೋ ಮನವಿಯಲ್ಲಿ ತಮ್ಮ ಪೂರ್ತಿ ಯೋಜನೆ ಇಟ್ಟರು. ನನ್ನ ಕೇಳಿದರ ಪರ್ಯಾಯ ಅರ್ಥಶಾಸ್ತ್ರದ ಯಾವ ಪಟ್ಟಿ ಮಾಡಿದರೂ ಅದು ಮೊದಲಿಗೆ ಬರಬೇಕು. ಕೃಷಿ ಸರ್ಕಾರದ ಉದ್ಯಮ ಆಗಬೇಕು. ಸರ್ಕಾರ ಪರಿಹಾರ ಕೊಟ್ಟು ಜಮೀನು ತಗೋಬೇಕು, ಸರಿಯಾದ ಅಳತೆಯ ಹೊಲ ಮಾಡಿ ಹಳ್ಳಿಯ ಮಂದಿಗೆ ಜಾತಿ-ಮತ ನೋಡದೆ ಕೊಡಬೇಕು. ಅವರು ಕೂಡಿ ಉಳಬೇಕು. ನೀರು, ಎತ್ತು, ಬೀಜ, ಗೊಬ್ಬರ ಎಲ್ಲಾ ಸರ್ಕಾರ ಒದಗಿಸಬೇಕು. ಯಾರೂ ಜಮೀನ್ದಾರನಾಗಿ ಉಳಿಯಬಾರದು, ಯಾರೂ ಗೇಣಿದಾರನಾಗಿ ಉಳಿಯಬಾರದು, ಯಾರೂ ಹೊಲ ಇಲ್ಲದ ಕೂಲಿಯಾಗಿ ಉಳಿಯಬಾರದು. ವಿಮೆ ಸರ್ಕಾರದ ಕೈಯಾಗ, ಪ್ರತಿಯೊಬ್ಬ ವಯಸ್ಕನಿಗೂ ಕಡ್ಡಾಯ. ಇದೆಲ್ಲಾ ಸಂವಿಧಾನದೊಳಗೇ ಬರೀಬೇಕು, ಒಂದು ಚುನಾವಣೆಯಾಗ ಬಹುಮತ ಬಂದವರು ಅಳಿಸಲಾಗದ ಹಂಗ. ಆದರ ಸಂವಿಧಾನ ಬರೆಯೋ ಕಾಲಕ್ಕೆ ಈ ಭಾಗಕ್ಕೆ ಜಾಗ ಸಿಗಲಿಲ್ಲ.

ಕೂಡಿ ಉಳೋ ಮಾತು ಬರೇ ಬಾಬಾಸಾಹೇಬರದಲ್ಲ. 1949ರಲ್ಲಿ ಕಾಂಗ್ರೆಸ್ಸಿನ ಕೃಷಿ ಸುಧಾರಣಾ ಸಮಿತಿ ವರದಿ ಕೊಡ್ತು. ಹೊಲಕ್ಕೆ ಮಿತಿ ಹಾಕಬೇಕು, ಉಳುವವನಿಗೆ ಕೊಡಬೇಕು, ತೀರ ಸಣ್ಣ ಹಿಡುವಳಿ ಸಹಕಾರದಲ್ಲಿ ಕೂಡಿಸಬೇಕು ಅಂತ. ಆ ಸಮಿತಿಯ ಅಧ್ಯಕ್ಷರು ಇದೇ ಕುಮಾರಪ್ಪ! ಅಂದ್ರ ಒಬ್ಬ ಗುರುವಿನ ಇಬ್ಬರು ಶಿಷ್ಯರು ಎರಡು ವರ್ಷದ ಅಂತರದಾಗ ಹೆಚ್ಚುಕಡಿಮಿ ಒಂದೇ ಬಾಗಿಲಿಗೆ ಬಂದು ನಿಂತಿದ್ದರು. ಕಮ್ಮಟದ ಗೋಡೆ ಮೇಲಿನ ಕುಮಾರಪ್ಪ ಬೆಲ್ಲ ಮಾಡ್ತಾರ, ಗಾಣ ತಿರುವತಾರ, ಜೇನು ಸಾಕತಾರ. ಹೊಲ ಹಂಚಾಕ ಹೇಳಿದ ಕುಮಾರಪ್ಪ ಅಲ್ಲಿ ಇರಲಿಲ್ಲ.

ಈಗ ನಮ್ಮ ತಾಲೂಕಿನ ಸಹಕಾರ ನೋಡೋಣ. ಇಡೀ ದೇಶದಾಗ ಸಹಕಾರ ಅಂದ್ರ ನಮ್ಮ ಉತ್ತರ ಕರ್ನಾಟಕ ಎದೆ ಉಬ್ಬಿಸ್ತದ. 1904ರ ಕಾಯ್ದೆ ಬಂದ ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ಕಡೆ ಸಂಕೇಶ್ವರದ ಹಿರಣ್ಯಕೇಶಿ, ಆ ಕಡೆ ಗೋಕಾಕ ಸೀಮೆಯ ಘಟಪ್ರಭಾ, ಇವು ಸಹಕಾರಿ ಸಕ್ಕರೆ ಕಾರ್ಖಾನೆಗಳು. ರೈತ ಮಾಲೀಕನಾದ, ಸಾಹುಕಾರನ ಗಾಣದಿಂದ ಬಿಡುಗಡೆ ಆದ. ಇದು ಸಣ್ಣ ಸಾಧನೆ ಅಲ್ಲ.

ಆದರ ಸಹಕಾರಿ ಸಕ್ಕರೆ ಕಾರ್ಖಾನೆಯ ಸದಸ್ಯ ಆಗಬೇಕಂದ್ರ ಏನು ಬೇಕು? ಕಬ್ಬು. ಕಬ್ಬು ಬೇಕಂದ್ರ ಹೊಲ, ಹೊಲಕ್ಕ ನೀರು. ಇದು ಯಾವುದೋ ಒಂದು ಕಾರ್ಖಾನೆಯ ದೂರಲ್ಲ, ಆ ಸಹಕಾರದ ರಚನೆಯೇ ಹಂಗ ಐತಿ. ಬೆಳೆದವ ಮಾಲೀಕ. ಕಡಿದವ? ಕೊಯ್ತದ ಹೊತ್ತಿನಾಗ ಗ್ಯಾಂಗ್ ಕಟ್ಟಿಕೊಂಡು, ಮುಂಗಡ ತಗೊಂಡು, ಹೆಂಡತಿ-ಮಕ್ಕಳ ಜೋಡಿ ಹೊಲದಾಗ ಗುಡಿಸಲು ಹಾಕೋ ಮಂದಿ ಆ ಸಕ್ಕರೆಯ ಹೆಚ್ಚಿನ ಕಷ್ಟ ಮಾಡ್ಯಾರ, ಅವರಿಗೆ ಶೇರು ಇಲ್ಲ, ವೋಟಿಲ್ಲ, ವರ್ಷದ ಸಭೆಯಾಗ ಕುರ್ಚಿ ಇಲ್ಲ. ಹೊಲ ಯಾರ ಕಡೆ ಇತ್ತು ಅನ್ನೋದು 1874ರ ಕಾಯ್ದೆ ಕಾಲಕ್ಕೇ ಗೊತ್ತಾಗಿತ್ತು. ಹಳೇ ಕಣದ ಲೆಕ್ಕ ಹೊಸ ಸಂಘದ ಶೇರು ಪುಸ್ತಕಕ್ಕೆ ಹಂಗೇ ಇಳೀತು.

ಇದರ ಪಕ್ಕದಾಗೇ ನಮ್ಮ ತಾಲೂಕಿನ್ಯಾಗ ಇನ್ನೊಂದು ಸಂಘ ಐತಿ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಹೊರಗಿನವರಿಗೆ ಇದು ಹೊಸ ಸುದ್ದಿ, ನಮಗ ತಿಂಗಳ ಕರೆಂಟ್ ಬಿಲ್. ಕರ್ನಾಟಕದ ಬ್ಯಾರೆ ಕಡೆ ಎಲ್ಲಾ ಸರ್ಕಾರಿ ಕಂಪನಿ ಕರೆಂಟ್ ಕೊಡ್ತದ, ನಮ್ಮಲ್ಲಿ ಸಹಕಾರಿ ಸಂಘ ಹೆಸ್ಕಾಂ ಕಡೆಯಿಂದ ಸಗಟು ಖರೀದಿ ಮಾಡಿ ಹಂಚ್ತದ. 1969ರಲ್ಲಿ ಹುಟ್ಟಿದ್ದು. ಆಗ ದೇಶದಾಗ ಪ್ರಯೋಗ ಅಂತ ಐದು ಕಡೆ ಇಂಥಾ ಸಂಘ ಮಾಡಿದರು, ಕರ್ನಾಟಕಕ್ಕ ಹುಕ್ಕೇರಿ. ಮಾದರಿ ಬಂದದ್ದು ಅಮೆರಿಕದಿಂದ. 1930ರ ದಶಕದಾಗ ಅಲ್ಲಿ ಖಾಸಗಿ ಕಂಪನಿಗಳು ಹಳ್ಳಿಗೆ ತಂತಿ ಎಳೆದರ ಲಾಭ ಇಲ್ಲ ಅಂತ ಬಿಟ್ಟಾಗ ರೈತರೇ ಸರ್ಕಾರದ ಸಾಲ ತಗೊಂಡು ತಂತಿ ಎಳ್ಕೊಂಡಿದ್ದರು.

ಈ ಸಂಘದ ಬಾಗಿಲಲ್ಲಿ ಕೇಳೋದು ಹೊಲ ಅಲ್ಲ, ಮೀಟರು. ಕರೆಂಟ್ ಬಳಸುವವ ಶೇರು ತಗೊಂಡು ಸದಸ್ಯ ಆಗಬಹುದು. ಗೌಡರ ಮನಿಯಾಗೂ ಒಂದು ಮೀಟರು, ನಮ್ಮ ಮನಿಯಾಗೂ ಒಂದು ಮೀಟರು. ಸಹಕಾರದಾಗ ಶೇರು ಎಷ್ಟಿದ್ದರೂ ವೋಟು ಒಂದೇ. ನಮ್ಮಪ್ಪ ಹೆಬ್ಬೆಟ್ಟು ಒತ್ತಿ ಒಂದು ಶೇರು ಮಾಡಿಸಿದ್ದ. ಅದರ ರಸೀದಿಯನ್ನು ಬಾಬಾಸಾಹೇಬರ ಫೋಟೋದ ಹಿಂದ ಸಿಗಿಸಿ ಇಟ್ಟಿದ್ದ. ಅವ ಜೀವಮಾನದಾಗ ಮಾಲೀಕ ಅಂತ ಆಗಿದ್ದು ಅದೊಂದಕ್ಕೇ.

ಹಂಗಂತ ಅದು ಸ್ವರ್ಗ ಅನ್ನಬ್ಯಾಡ್ರಿ. ಪಂಪ್‌ಸೆಟ್ಟು ಹೊಲ ಇದ್ದವರದ್ದು, ಉಚಿತ ಕರೆಂಟಿನ ಲಾಭ ಅಲ್ಲೂ ಹೊಲದ ಕಡೆಗೇ ಹರೀತದ. ಆಡಳಿತ ಮಂಡಳಿ ಚುನಾವಣೆ ಬಂದರ ಜಿಲ್ಲೆಯ ದೊಡ್ಡ ಮನೆತನಗಳು ವಿಧಾನಸಭೆ ಚುನಾವಣೆಗಿಂತ ಜೋರು ಇಳೀತಾರ. ನಮ್ಮ ಕೇರಿಗೆ ವೋಟಿಗೆ ಬರ್ತಾರ, ಸಭೆಗೆ ಕರಿಯೋದಿಲ್ಲ. ಆದರೂ ವೋಟಿಗೆ ಬರ್ತಾರ ಅನ್ನೋದನ್ನ ಬರ್ಕೋರಿ, ಸಕ್ಕರೆ ಕಾರ್ಖಾನೆ ಚುನಾವಣೆಗೆ ನಮ್ಮ ಕೇರಿಗೆ ಯಾರೂ ಬರಲಿಲ್ಲ. ಎರಡು ಸಹಕಾರದ ನಡುವಿನ ಫರಕು ನನಗ ಪುಸ್ತಕದಿಂದ ತಿಳೀಲಿಲ್ಲ, ಇದರಿಂದ ತಿಳೀತು.

ಹಂಗಾದ್ರ ಹೊಲ ಇಲ್ಲದವರು ಪರಿಸರ ಉಳಿಸೋ ಅರ್ಥವ್ಯವಸ್ಥೆ ಕಟ್ಟಿದ ಉದಾಹರಣೆ ಎಲ್ಲೂ ಇಲ್ಲೇನು? ಐತಿ. ಬೀದರ ಗಡಿ ದಾಟಿದರ ಜಹೀರಾಬಾದ. ಅಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕೆಲಸ ಮಾಡ್ತಿದೆ, ಕಟ್ಟಿದವರಲ್ಲಿ ಮುಖ್ಯರು ಮೈಸೂರಿನ ಪಿ. ವಿ. ಸತೀಶ್, 2023ರಲ್ಲಿ ತೀರಿಕೊಂಡರು. ಆದರ ಅಲ್ಲಿನ ಸಂಘಗಳ ಜೀವ ದಲಿತ ಹೆಣ್ಣುಮಕ್ಕಳು. ಸರ್ಕಾರ ಅವರ ಮನೆತನಗಳಿಗೆ ಕೊಟ್ಟ ಜಮೀನು ಕಲ್ಲು-ಬರಡು, ಪಾಳು ಬಿದ್ದಿತ್ತು. ಅದನ್ನು ಉಳಾಕ ಸಂಘದಿಂದ ಸಾಲ. ಸಾಲ ತೀರಿಸೋದು ರೊಕ್ಕದಾಗಲ್ಲ, ಜೋಳದಾಗ, ಕೆಲವು ವರ್ಷ ಸುಗ್ಗಿಗೆ ಇಷ್ಟಿಷ್ಟು. ಆ ಜೋಳ ಊರಾಗೇ ಸಂಗ್ರಹ ಮಾಡಿ, ಮಳೆಗಾಲದ ಹಸಿವಿನ ತಿಂಗಳಾಗ ಬಡವರಿಗೆ ಕಡಿಮಿ ಬೆಲೆಗೆ ಕೊಟ್ಟರು. ಯಾರು ಬಡವರು ಅಂತ ಊರ ಹೆಣ್ಣುಮಕ್ಕಳೇ ಕೂತು ಗೊತ್ತುಮಾಡಿದರು. 1990ರ ದಶಕದ ನಡುವೆ ಇದು ಶುರುವಾತು. ಅಕ್ಕಿಯ ರೇಷನ್ ಅಂಗಡಿಗೆ ಪಕ್ಕದಾಗ ಜೋಳದ ರೇಷನ್. ಬೀಜ ಅವರ ಮಡಿಕೆಯಾಗ, ಆಮ್ಯಾಲ 2008ರಾಗ ಸ್ವಂತ ರೇಡಿಯೋ. ಕುಮಾರಪ್ಪ ಹೇಳಿದ ಹರಿಯೋ ಹಳ್ಳ ಅಲ್ಲಿ ಐತಿ. ಆದರ ಮೊದಲು ಕೈಗೆ ಹೊಲ ಬಂತು, ಆಮ್ಯಾಲ ಜೋಳ ಬಂತು. ಈ ಕ್ರಮ ತಿರುಗುಮುರುಗು ಮಾಡಿದರ ನಮ್ಮ ಅಜ್ಜಿಯ ಮಳಲು ಕೂಡಿದ ರೊಟ್ಟಿ ಬರ್ತದ.

ಕಮ್ಮಟದಾಗ ಆಯ್ದಕ್ಕಿ ಲಕ್ಕಮ್ಮನ ಕತೆನೂ ಬಂತು. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದು ವಾಪಸ್ ಸುರಿದು ಬಾ ಅಂದ ತಾಯಿ. ದೊಡ್ಡ ಮಾತು. ನನಗೂ ಕಣ್ಣು ತುಂಬಿ ಬಂತು. ಆದರ ನನ್ನ ಅವ್ವ ಗೌಡರ ಹೊಲದಾಗ ಶೇಂಗಾ ಕಿತ್ತ ಮ್ಯಾಲೆ ಹಕ್ಕಲ ಆರಿಸಾಕ ಹೋಗ್ತಿದ್ದಳು. ಕುಡುಗೋಲಿನ ತುದಿಯಿಂದ ಮಣ್ಣು ಕೆದರಿ ಉಳಿದ ಕಾಯಿ ಹೆಕ್ಕೋದು. ಸಂಜೆಗೆ ಸೆರಗಿನ್ಯಾಗ ಒಂದು ಹಿಡಿ. ಹೆಚ್ಚಾತು ಅಂತ ವಾಪಸ್ ಸುರಿಯೋ ದಿನ ಅವ್ವಗ ಒಂದು ಸಲನೂ ಬರಲಿಲ್ಲ. ಸಾಕು ಅನ್ನಾಕ ಮೊದಲು ಕೈಗೆ ಬರಬೇಕಲ್ಲ?

ಈಗಿನ ಮಾತು ಒಂದಿಷ್ಟು, ಗುಮಾಸ್ತನ ಬಾಯಿಂದ. 1974ರ ಭೂ ಸುಧಾರಣೆ ಗೇಣಿದಾರರಿಗೆ ಹೊಲ 

ಕೊಡ್ತು. ಗೇಣಿ ಕೂಡ ಇಲ್ಲದ ಕೂಲಿಗೆ ಕೊಡಲಿಲ್ಲ. 2020ರ ತಿದ್ದುಪಡಿಯಾಗ 79ಎ, 79ಬಿ ಕಲಂ ತೆಗೆದು ಹಾಕಿದರು, ಈಗ ಉಳುವವ ಅಲ್ಲದವನೂ ರೊಕ್ಕ ಇದ್ದರ ಹೊಲ ಕೊಳ್ಳಬಹುದು. ನಮ್ಮ 8 ಗುಂಟೆಗೆ ಬರೋ ಗಿರಾಕಿ ಬೆಂಗಳೂರಿಂದಾನೂ ಬರಬಹುದು. ಭೂ ಒಡೆತನ ಯೋಜನೆ ಅಂತ ಐತಿ, ಹೊಲ ಇಲ್ಲದ ದಲಿತ ಹೆಣ್ಣುಮಕ್ಕಳ ಹೆಸರಿಗೆ ಅರ್ಧ ಸಹಾಯಧನ ಅರ್ಧ ಸಾಲದ ಮೇಲೆ ಜಮೀನು ಕೊಡಿಸೋದು. ಒಳ್ಳೆ ಯೋಜನೆ. ಆದರ ಮಾರುವವ ಬೇಕಲ್ಲ. ನೀರಾವರಿ ಸೀಮೆಯಾಗ ಹೊಲದ ರೇಟು ನಿಮಗ ಗೊತ್ತೈತಿ, ಅದನ್ನು ನಮ್ಮ ಕೇರಿಯ ಹೆಣ್ಣುಮಗಳ ಹೆಸರಿಗೆ ಮಾರತೇನಿ ಅನ್ನೋ ಮನುಷ್ಯನ್ನ ಹುಡುಕಿಕೊಡ್ರಿ ಮೊದಲು.

ನಮ್ಮ ಕೇರಿಯ ಹನ್ನೊಂದು ಹೆಣ್ಣುಮಕ್ಕಳು ಕೂಡಿ ಎರಡು ವರ್ಷದ ಹಿಂದ ಒಂದು ಅರ್ಜಿ ಕೊಟ್ಟಾರ. ಗಾಯರಾಣದ ಒಂದು ಪಡದಾಗ ಎರಡು ಎಕರೆ, ಮೇವು ಬೆಳೆಯಾಕ, ಕೂಡಿ, ಲೀಸಿನ ಮ್ಯಾಲಾದ್ರೂ ಸರಿ. ಅರ್ಜಿ ನಾನೇ ಬರೆದೆ. ಸ್ವೀಕೃತಿ ನಂಬರ್ ಐತಿ. ಫೈಲು ಎಲ್ಲಿ ಐತಿ ಅಂತಾನೂ ಗೊತ್ತೈತಿ, ಗುಮಾಸ್ತನಿಗೆ ಅಷ್ಟು ಗೊತ್ತಾಗ್ತದ. ಟಿಪ್ಪಣಿಯಾಗ ಯಾರೋ, ದನಗಳ ಮೇವಿಗೆ ಮೀಸಲಿಟ್ಟ ಜಾಗ, ಮೇವು ಬೆಳೆಯಾಕ ಕೊಡಾಕ ಬರಂಗಿಲ್ಲ ಅನ್ನೋ ಅರ್ಥದಾಗ ಬರೆದಾರ. ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ. ಅದೇ ಪಡದ ಆ ಬದಿಗೆ ಯಾರ ಕಬ್ಬು ನಿಂತೈತಿ ಅಂತ ಊರಿಗೆಲ್ಲಾ ಗೊತ್ತು.

ಮುಂದಿನ ತಿಂಗಳು ಕಮ್ಮಟದ ಎರಡನೇ ಕಂತು ಐತಂತ. ಆ ಹಿರಿಯರೇ ಫೋನ್ ಮಾಡಿ ಕರೆದರು, ಒಳ್ಳೆ ಮನುಷ್ಯರು, ಹಿಂದಿನ ಸಾಲಿನಾಗ ಯಾಕ ಕುಂತಿದ್ರಿ ಅಂದರು. ಬರ್ತೀನಿ ಅಂದೀನಿ. ಅವ್ವನ್ನೂ ಕರಕೊಂಡು ಬರಲೇನ್ರಿ ಅಂತ ಕೇಳಿದೆ. ಅವ್ವಗ ಈಗ 70 ದಾಟೈತಿ, ಮೈಕ್ ಮುಂದ ಎಂದೂ ನಿಂತಿಲ್ಲ. ಅಲ್ಲಿ ಏನು ಮಾತಾಡ್ಲಿ ಅಂತ ಕೇಳಿದಳು. ಹಕ್ಕಲ ಹೆಂಗ ಆರಿಸ್ತಾರ ಅಂತ ಅಷ್ಟು ಹೇಳವ್ವಾ ಅಂದೆ.

"ಅದರಾಗೇನು ಹೇಳೋದೈತಿ," ಅಂದಳು. ಆಮ್ಯಾಲೆ ಸ್ವಲ್ಪ ಹೊತ್ತು ಬಿಟ್ಟು, "ಬಸ್ಸಿನ್ಯಾಗ ಕಿಟಕಿ ಕಡೆ ಕೂಡಸ್ತೀಯೇನ?" ಅಂದಳು.